ರಿಂಗ್ ಮುಟ್ಟುತ್ತದೆ, ಡಂಕ್ ಆಗುವುದಿಲ್ಲ: ಓಡಿಬಂದು ಜಿಗಿಯುವಾಗ ತಪ್ಪುತ್ತಿರುವುದೆಲ್ಲಿ?

ಉದ್ದಕಾಲ_ಉಡುಪಿ
ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ಎತ್ತರ 183 ಸೆಂಟಿಮೀಟರ್. ಗೋಡೆಗೆ ಒತ್ತಿ ನಿಂತು ಬಲಗೈಯನ್ನು ಪೂರ್ತಿ ಮೇಲೆತ್ತಿದರೆ ಬೆರಳ ತುದಿ 238 ಸೆಂಟಿಮೀಟರಿಗೆ ಬರುತ್ತದೆ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ನಿಂತಲ್ಲಿಂದಲೇ ಜಿಗಿದಾಗ ಗೋಡೆಯ ಮೇಲೆ ಗುರುತು ಬಿದ್ದದ್ದು 300ರಲ್ಲಿ. ಓಡಿಬಂದು ಜಿಗಿದರೆ ಬಾಸ್ಕೆಟ್‌ಬಾಲ್ ರಿಂಗಿನ ಅಂಚಿಗೆ ಬೆರಳು ತಾಗುತ್ತದೆ, ಅದೂ ಗೇಟಿನ ಬದಿಯ ರಿಂಗಿಗೆ ಮಾತ್ರ. ಆಚೆ ಬದಿಯದ್ದು ಯಾಕೋ ಸಿಗುವುದೇ ಇಲ್ಲ. ಅಂದರೆ ಅಷ್ಟು ದೂರದಿಂದ ಓಡಿಬಂದದ್ದಕ್ಕೆ ನನಗೆ ಸಿಗುವ ಲಾಭ ನಾಲ್ಕೈದು ಸೆಂಟಿಮೀಟರ್ ಇರಬಹುದು. ಕೈಯಲ್ಲಿ ಚೆಂಡಿದ್ದರೆ ಅದೂ ಇಲ್ಲ. ಸ್ಕಿಪ್ಪಿಂಗ್ ಮಾಡುತ್ತೇನೆ, ಬಾಕ್ಸ್ ಜಂಪ್ ಮಾಡುತ್ತೇನೆ, ಜಿಮ್ಮಿಗೂ ಹೋಗುತ್ತೇನೆ. ಒಂದೇ ಒಂದು ಡಂಕ್ ಮಾಡಬೇಕು, ಅಂದರೆ ಜಿಗಿದು ಚೆಂಡನ್ನು ಮೇಲಿಂದಲೇ ರಿಂಗಿನೊಳಗೆ ತುರುಕಬೇಕು ಎಂಬ ಆಸೆ ಕಾಲೇಜು ಬಿಟ್ಟ ಮೇಲೂ ಬಿಟ್ಟಿಲ್ಲ. ಬಲ ಸಾಲದೋ, ಜಿಗಿಯುವ ಕ್ರಮವೇ ಸರಿಯಿಲ್ಲವೋ, ತಿಳಿದವರು ಹೇಳಬೇಕು.

ಕುದ್ರೋಳಿ_ಹಿರಿಯ
ಮಿಕ್ಕ ವಿಚಾರ ಆಮೇಲೆ. ಮೊದಲು ಒಂದು ಟೇಪು ಮತ್ತು ಒಂದು ಎತ್ತರದ ಮೇಜು ತೆಗೆದುಕೊಂಡು ಹೋಗಿ ಎರಡೂ ರಿಂಗ್‌ಗಳನ್ನು ಅಳೆಯಿರಿ. ನಿಯಮದ ಪ್ರಕಾರ ರಿಂಗಿನ ಮೇಲಂಚು ನೆಲದಿಂದ 3.05 ಮೀಟರ್ ಇರಬೇಕು, ಬೋರ್ಡಿನ ಕೆಳಗಿನ ಅಂಚು 2.90 ಮೀಟರ್. ನಮ್ಮ ಬಯಲು ಅಂಗಣಗಳಲ್ಲಿ ಸಿಮೆಂಟು ಕಿತ್ತುಹೋದಾಗಲೆಲ್ಲ ಮೇಲಿಂದ ಇನ್ನೊಂದು ಪದರ ಹಾಕುತ್ತಾರೆ, ಹುಡುಗರು ನೇತಾಡಿ ನೇತಾಡಿ ರಿಂಗಿನ ಮೂಗು ಕೆಳಗೆ ಬಂದಿರುತ್ತದೆ, ಕಂಬ ಒಂದು ಕಡೆಗೆ ವಾಲಿರುತ್ತದೆ. ಅಳೆಯದೆ ನೀವು ಹೇಳುವ ಯಾವ ಲೆಕ್ಕಕ್ಕೂ ಬುಡವಿಲ್ಲ.

ಸುರತ್ಕಲ್_ಎಕ್ಸ್‌ಪ್ರೆಸ್
ತಂತ್ರ ಗಿಂತ್ರ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಿಮ್ಮ ತೂಕ ಎಷ್ಟು, ಹೆಗಲ ಮೇಲೆ ಎಷ್ಟು ಭಾರ ಇಟ್ಟುಕೊಂಡು ಬೈಠಕ್ ಹೊಡೆಯುತ್ತೀರಿ, ಅದನ್ನು ಹೇಳಿ. ಮೈತೂಕದ ಒಂದೂವರೆ ಪಟ್ಟು ಭಾರದಲ್ಲಿ ಸರಿಯಾಗಿ ಸ್ಕ್ವಾಟ್ ಮಾಡಲಾಗದವರು ಡಂಕ್‌ನ ಮಾತು ಆಡುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ಕಾಪು_ಸ್ಮ್ಯಾಶರ್
ಎಕ್ಸ್‌ಪ್ರೆಸ್ ಅವರೇ, ಬಲ ಬೇಕು ಎನ್ನುವುದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಂತಲ್ಲಿಂದ 62 ಸೆಂಟಿಮೀಟರ್ ಏರುವವನ ಕಾಲಿನಲ್ಲಿ ಬಲವಿಲ್ಲ ಎಂದು ಹೇಗೆ ಹೇಳುತ್ತೀರಿ? ಇರುವ ಬಲ ಓಡಿಬಂದಾಗ ಎಲ್ಲಿ ಸೋರಿಹೋಗುತ್ತಿದೆ ಎಂಬುದಲ್ಲವೇ ಅವರ ಪ್ರಶ್ನೆ?

ನಮ್ಮ ಕಡೆ ಬಾಸ್ಕೆಟ್‌ಬಾಲ್‌ಗಿಂತ ವಾಲಿಬಾಲ್ ಹೆಚ್ಚು. ಯಾವ ಊರಿನ ಹೊನಲು ಬೆಳಕಿನ ಪಂದ್ಯಾಟಕ್ಕೆ ಹೋದರೂ ನಿಮ್ಮ ಪ್ರಶ್ನೆಗೆ ಉತ್ತರ ನೆಟ್ಟಿನ ಹತ್ತಿರವೇ ಸಿಗುತ್ತದೆ, ಆದರೆ ಚೆಂಡನ್ನು ಬಿಟ್ಟು ಆಟಗಾರನ ಪಾದ ನೋಡಬೇಕು. ಬಲಗೈಯಲ್ಲಿ ಹೊಡೆಯುವವನ ಹೆಜ್ಜೆ ಎಡ, ಆಮೇಲೆ ಬಲ-ಎಡ. ಎಡಗಾಲಿನಿಂದ ತಳ್ಳಿ ಬಲಗಾಲನ್ನು ಉದ್ದಕ್ಕೆ ಚಾಚಿ, ಸೊಂಟ ತಗ್ಗಿಸಿ, ಹಿಮ್ಮಡಿ ಮೊದಲು ತಾಗುವಂತೆ ಊರುತ್ತಾನೆ. ಆ ಕ್ಷಣಕ್ಕೆ ಎರಡೂ ಕೈಗಳು ಬೆನ್ನ ಹಿಂದಕ್ಕೆ ಹೋಗಿರುತ್ತವೆ. ಎಡಗಾಲು ಕೂಡಲೇ ಬಲಗಾಲಿನ ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ, ಪಾದದ ತುದಿ ಒಳಗೆ ತಿರುಗಿದಂತೆ ಬಂದು ಬೀಳುತ್ತದೆ. ಈ ಎರಡು ಪಾದಗಳ ನಡುವಿನ ಹೊತ್ತು ಎಷ್ಟು ಕಡಿಮೆಯೋ ಜಿಗಿತ ಅಷ್ಟು ಚೆನ್ನ. ಮುಂದಕ್ಕೆ ಹೋಗುತ್ತಿದ್ದ ವೇಗಕ್ಕೆ ಬಲಗಾಲು ತಡೆ ಹಾಕುತ್ತದೆ, ಆ ತಡೆಯ ಮೇಲಿಂದ ಮೈ ಮೇಲಕ್ಕೆ ತಿರುಗುತ್ತದೆ, ಕೈಗಳು ಕೆಳಗಿನಿಂದ ಬೀಸಿ ಬಂದು ಎತ್ತಿಕೊಳ್ಳುತ್ತವೆ.

ಬಾಸ್ಕೆಟ್‌ಬಾಲ್ ಆಡುವ ನಮ್ಮ ಹುಡುಗರು ಮಾಡುವುದು ಇದರ ಉಲ್ಟಾ. ರಿಂಗ್ ಹತ್ತಿರ ಬಂತೆಂದು ಕೊನೆಯ ಎರಡು ಹೆಜ್ಜೆಗಳನ್ನು ಮೊಟಕುಮಾಡಿ, ಟಪಟಪ ಎಂದು ನೆಟ್ಟಗೆ ನಿಂತುಕೊಂಡು, ಆಮೇಲೆ ಹೊಸದಾಗಿ ಬಗ್ಗಿ ಜಿಗಿಯುತ್ತಾರೆ. ಓಟವೆಲ್ಲ ಅಲ್ಲಿಗೆ ಸತ್ತಂತೆ. ನೀವೂ ಹಾಗೆಯೇ ಮಾಡುತ್ತಿರಬೇಕು. ಮೊಬೈಲ್‌ನಲ್ಲಿ ಪಕ್ಕದಿಂದ ಸ್ಲೋ ಮೋಷನ್ ವಿಡಿಯೊ ತೆಗೆದು ನೋಡಿ.

ಉದ್ದಕಾಲ_ಉಡುಪಿ
ಒಂಟಿಗಾಲಿನಲ್ಲಿ ಜಿಗಿದರೆ? ಲೇ-ಅಪ್ (ಓಡಿಬಂದು ರಿಂಗಿನ ಹತ್ತಿರದಿಂದ ಚೆಂಡು ಎಸೆಯುವುದು) ಹಾಕುವಾಗ ನಾನು ಎಡಗಾಲಿನಿಂದಲೇ ಏರುವುದು.

ಕಾಪು_ಸ್ಮ್ಯಾಶರ್
ವೇಗವಾಗಿ ಓಡುವವರಿಗೆ, ಮೈ ಹಗುರಾಗಿರುವವರಿಗೆ ಒಂಟಿಗಾಲು ಒಗ್ಗುತ್ತದೆ. ಅಲ್ಲಿಯೂ ಕೊನೆಯ ಮುಂಚಿನ ಹೆಜ್ಜೆ ಉದ್ದ ಮತ್ತು ತಗ್ಗು, ಕೊನೆಯದು ಗಿಡ್ಡ, ಎಂಬ ನಿಯಮ ಬದಲಾಗುವುದಿಲ್ಲ. ನಿಂತು ಜಿಗಿಯುವುದರಲ್ಲಿ ನೀವು ಚೆನ್ನಾಗಿರುವುದರಿಂದ ಎರಡು ಕಾಲಿನದ್ದೇ ನಿಮಗೆ ಸೂಕ್ತವೆಂದು ನನಗೆ ಅನಿಸುತ್ತದೆ. ನೆಲದಿಂದ ಏಳುವ ಜಾಗವನ್ನೂ ಗಮನಿಸಿ. ರಿಂಗಿನ ನೇರ ಕೆಳಗೆ ಹೋಗಿ ಜಿಗಿದರೆ ಮುಂಗೈ ಕಬ್ಬಿಣಕ್ಕೆ ಬಡಿಯುತ್ತದೆ. ಹೊಸ ಅಂಗಣಗಳಲ್ಲಿ ರಿಂಗಿನ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತ ಬರೆದಿರುತ್ತಾರೆ. ಎರಡು ಕಾಲಿನವರು ಅದರ ಗೆರೆಯ ಆಸುಪಾಸಿನಲ್ಲಿ, ಒಂಟಿಗಾಲಿನವರು ಇನ್ನೂ ಸ್ವಲ್ಪ ಹಿಂದೆ ಏಳುವುದೆಂದು ಇಟ್ಟುಕೊಂಡು ಆರಂಭಿಸಬಹುದು.

ಗಣಿತ_ಮಾಸ್ಟ್ರು
ಲೆಕ್ಕ ನಾನು ಹೇಳುತ್ತೇನೆ. ನೆಲ ಬಿಡುವಾಗಿನ ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಏರುವ ಎತ್ತರ ಸಿಗುತ್ತದೆ. 62 ಸೆಂಟಿಮೀಟರ್ ಏರಲು ಸೆಕೆಂಡಿಗೆ ಸುಮಾರು 3.5 ಮೀಟರ್ ವೇಗ ಬೇಕು. ಬಾಸ್ಕೆಟ್‌ಬಾಲ್‌ನ ವ್ಯಾಸ ಸುಮಾರು 24 ಸೆಂಟಿಮೀಟರ್ ಇರುವುದರಿಂದ ಒಂದು ಕೈಯಲ್ಲಿ ಡಂಕ್ ಮಾಡಲು ಬೆರಳ ತುದಿ ರಿಂಗಿನಿಂದ ಕನಿಷ್ಠ ಹದಿನೈದು ಸೆಂಟಿಮೀಟರ್ ಮೇಲೆ ಹೋಗಬೇಕೆಂದು ಇಟ್ಟುಕೊಳ್ಳೋಣ. ಆಗ ನಿಮಗೆ ಬೇಕಾದ ಜಿಗಿತ 82 ಸೆಂಟಿಮೀಟರ್, ವೇಗ ಸೆಕೆಂಡಿಗೆ 4 ಮೀಟರ್. ಎತ್ತರದ ಅಂತರ ಇಪ್ಪತ್ತು ಸೆಂಟಿಮೀಟರ್ ಎಂದರೆ ಬೆಟ್ಟದಂತೆ ಕಾಣುತ್ತದೆ, ವೇಗದ ಲೆಕ್ಕದಲ್ಲಿ ನೋಡಿದರೆ ಏಳನೇ ಒಂದು ಪಾಲು ಹೆಚ್ಚಿಸಿದರೆ ಸಾಕು.

ಮೊಬೈಲ್ ಇದ್ದರೆ ಗೋಡೆ, ಸೀಮೆಸುಣ್ಣ ಯಾವುದೂ ಬೇಡ. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್‌ನಲ್ಲಿ ಪಾದ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವ ತನಕ ಎಷ್ಟು ಚಿತ್ರಗಳಾದವೆಂದು ಎಣಿಸಿ, ಅದನ್ನು ಸೆಕೆಂಡಿಗೆ ಇಳಿಸಿ, ಆ ಸಂಖ್ಯೆಯ ವರ್ಗವನ್ನು 1.226ರಿಂದ ಗುಣಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತದೆ.

ಪರ್ಕಳ_ಫಿಸಿಯೋ
ಮಾಸ್ಟ್ರೇ, ಸೂತ್ರ ಸರಿಯಿದೆ, ಆದರೆ ಗೋಡೆಯ ಗುರುತನ್ನೂ ಗಾಳಿಯಲ್ಲಿರುವ ಹೊತ್ತನ್ನೂ ಒಂದೇ ಎಂದು ತಿಳಿಯುವಂತಿಲ್ಲ. ಗೋಡೆಯಲ್ಲಿ ಅಳೆಯುವಾಗ ಪಾದ ಪೂರ್ತಿ ನೆಲದಲ್ಲಿಟ್ಟು ಮೊದಲ ಗುರುತು ಹಾಕಿರುತ್ತೇವೆ. ಜಿಗಿಯುವಾಗ ನೆಲ ಬಿಡುವ ಮೊದಲೇ ಹಿಮ್ಮಡಿ ಎದ್ದು ಮೈ ಹತ್ತು ಸೆಂಟಿಮೀಟರಿನಷ್ಟು ಮೇಲೆ ಹೋಗಿರುತ್ತದೆ. ಆದ್ದರಿಂದ ಗೋಡೆಯಲ್ಲಿ 62 ಬಂದವರಿಗೆ ಮೊಬೈಲ್ ಲೆಕ್ಕದಲ್ಲಿ 53ರ ಹತ್ತಿರ ಬಂದರೆ ಗಾಬರಿಪಡಬೇಕಾಗಿಲ್ಲ. ಯಾವುದಾದರೂ ಒಂದೇ ವಿಧಾನ ಹಿಡಿದುಕೊಂಡು ಮೊದಲಿಗೂ ಈಗಿಗೂ ಹೋಲಿಸಿ.

ಇನ್ನು ಬಾಕ್ಸ್ ಜಂಪ್. ಎತ್ತರದ ಪೆಟ್ಟಿಗೆಯ ಮೇಲೆ ಹಾರಿ ನಿಂತ ಚಿತ್ರ ನೋಡಲು ಚೆಂದ, ಆದರೆ ಅಲ್ಲಿ ಬಹುಪಾಲು ಮಂಡಿ ಮಡಿಚಿದ್ದರ ಫಲ. ಸೊಂಟ ಎಷ್ಟು ಏರಿತೆಂದು ಯಾರೂ ನೋಡುವುದಿಲ್ಲ. ನಿಮಗೆ ಉಪಯೋಗಕ್ಕೆ ಬರುವುದು ಮೊಣಕಾಲೆತ್ತರದ ಪೆಟ್ಟಿಗೆಯಿಂದ ಕೆಳಗೆ ಹೆಜ್ಜೆ ಹಾಕಿ, ನೆಲ ಮುಟ್ಟಿದ ತಕ್ಷಣ ಮೇಲಕ್ಕೆ ಪುಟಿಯುವ ವ್ಯಾಯಾಮ. ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್ಸ್ಕಿ ಬೆಳೆಸಿದ ಕ್ರಮ ಅದು. ಸ್ನಾಯು ಮತ್ತು ಸ್ನಾಯುರಜ್ಜು ಎಳೆಯಲ್ಪಟ್ಟ ಕೂಡಲೇ ಸಂಕುಚಿಸಿದರೆ ಎಳೆತದಲ್ಲಿ ಕೂಡಿಟ್ಟ ಶಕ್ತಿ ವಾಪಸ್ ಸಿಗುತ್ತದೆ, ನಡುವೆ ತಂಗಿದರೆ ಅದು ಬಿಸಿಯಾಗಿ ಕಳೆದುಹೋಗುತ್ತದೆ. ಪರೀಕ್ಷಿಸಬೇಕಿದ್ದರೆ ಬಗ್ಗಿದ ಭಂಗಿಯಲ್ಲೇ ಎರಡು ಸೆಕೆಂಡು ನಿಂತು ಒಮ್ಮೆ ಜಿಗಿಯಿರಿ, ತಟ್ಟನೆ ಬಗ್ಗಿ ಒಮ್ಮೆ ಜಿಗಿಯಿರಿ. ಈ ವ್ಯಾಯಾಮವನ್ನು ಸುಸ್ತಾಗುವ ತನಕ ಮಾಡಬಾರದು. ಕೆಲವೇ ಬಾರಿ, ಪೂರ್ತಿ ಜೋರಿನಲ್ಲಿ, ನಡುನಡುವೆ ಸಾಕಷ್ಟು ವಿಶ್ರಾಂತಿಯೊಂದಿಗೆ ಮಾಡಿ, ಮುಂದಿನ ಸರದಿಗೆ ಕನಿಷ್ಠ ಎರಡು ದಿನ ಬಿಡಿ.

ಚೆಂಡೆ_ಮದ್ದಳೆ
ನೀವೆಲ್ಲ ರಷ್ಯದ ತನಕ ಹೋದಿರಿ. ಯಕ್ಷಗಾನದ ತೆಂಕುತಿಟ್ಟಿನ ಪುಂಡುವೇಷದವರನ್ನು ನೋಡಿದ್ದೀರಾ? ಕಿರೀಟ, ಗೆಜ್ಜೆ, ಅಷ್ಟೊಂದು ವೇಷಭೂಷಣ ಹೊತ್ತುಕೊಂಡು ಸಾಲಾಗಿ ದಿಗಿಣ (ಸುತ್ತುತ್ತ ಜಿಗಿಯುವ ಕುಣಿತ) ಹೊಡೆಯುತ್ತಾರೆ. ಜಿಗಿತ ಕಲಿಯಲು ಮೇಳಕ್ಕೆ ಸೇರಿಸಿಬಿಡಿ ಮಾರಾಯ್ರೇ.

ಪರ್ಕಳ_ಫಿಸಿಯೋ
ತಮಾಷೆಗೆ ಹೇಳಿದರೂ ಅದರಲ್ಲಿ ವಿಷಯವಿದೆ. ದಿಗಿಣದಲ್ಲಿ ಒಂದೊಂದು ಜಿಗಿತವೂ ಗರಿಷ್ಠ ಎತ್ತರದ್ದಲ್ಲ, ಲಯ ತಪ್ಪದೆ ಸುತ್ತುತ್ತ ಮತ್ತೆ ಮತ್ತೆ ಏಳುವುದೇ ಅಲ್ಲಿನ ಕೌಶಲ. ಹಾಗಾಗಿ ಡಂಕ್‌ನ ಎತ್ತರಕ್ಕೆ ಅದು ನೇರವಾಗಿ ಸಹಾಯ ಮಾಡಲಿಕ್ಕಿಲ್ಲ. ಆದರೆ ನೆಲಕ್ಕೆ ಇಳಿಯುವ ಕ್ರಮವನ್ನು ಅವರಿಂದ ಕಲಿಯಬಹುದು. ಪಾದದ ಮುಂಭಾಗ ಮೊದಲು ತಾಗಿ, ಹಿಮ್ಮಡಿ ಇಳಿದು, ಮಂಡಿ ಮತ್ತು ಸೊಂಟ ಒಟ್ಟಿಗೆ ಮಡಿಚುತ್ತವೆ, ಮಂಡಿಗಳು ಒಳಕ್ಕೆ ವಾಲುವುದಿಲ್ಲ. ಡಂಕ್ ಮಾಡಲು ಹೋದವರು ಪೆಟ್ಟುಮಾಡಿಕೊಳ್ಳುವುದು ಹೆಚ್ಚಾಗಿ ಇಳಿಯುವಾಗಲೇ.

ಮಲ್ಪೆ_ಮರಳು
ಇಷ್ಟೆಲ್ಲ ಏಕೆ? ಬೆಳಿಗ್ಗೆ ಬೀಚಿಗೆ ಹೋಗಿ ಮರಳಿನಲ್ಲಿ ಜಿಗಿಯಿರಿ. ಮರಳಿನಲ್ಲಿ ಏರಿದವನಿಗೆ ಸಿಮೆಂಟು ನೆಲ ಲೆಕ್ಕಕ್ಕಿಲ್ಲ.

ಕಾಪು_ಸ್ಮ್ಯಾಶರ್
ಈ ಮಾತನ್ನು ನಾನು ಒಪ್ಪುವುದಿಲ್ಲ. ಮರಳಿನಲ್ಲಿ ತೊಡೆ ಉರಿಯುತ್ತದೆ ಎನ್ನುವುದು ನಿಜ, ಆದರೆ ಕಾಲು ಹೂತುಹೋಗುವುದರಿಂದ ನೆಲ ಬಿಡುವ ಹೊತ್ತು ಉದ್ದವಾಗುತ್ತದೆ, ಫಿಸಿಯೋ ಅವರು ಹೇಳಿದ ಆ ಪುಟಿತ ಅಲ್ಲಿ ಸಿಗುವುದೇ ಇಲ್ಲ. ಮೈ ಹುರಿಗೊಳ್ಳಲು, ಮಂಡಿಗೆ ಪೆಟ್ಟು ಕಡಿಮೆ ಬೀಳಲು ಮರಳು ಒಳ್ಳೆಯದು. ಕೊನೆಯ ಎರಡು ಹೆಜ್ಜೆ ತಿದ್ದಿಕೊಳ್ಳಲು ಗಟ್ಟಿ ನೆಲವೇ ಬೇಕು.

ಮಲ್ಪೆ_ಮರಳು
ಗಟ್ಟಿ ನೆಲ ಎಂದು ಹೇಳುವವರು ಜೂನ್‌ನಿಂದ ಸೆಪ್ಟೆಂಬರ್ ತನಕ ಏನು ಮಾಡುತ್ತೀರಿ? ಬಯಲು ಅಂಗಣಕ್ಕೆ ಪಾಚಿ ಹಿಡಿದು ನಡೆಯಲಿಕ್ಕೇ ಆಗುವುದಿಲ್ಲ, ಇನ್ನು ಓಡಿಬಂದು ಹಿಮ್ಮಡಿ ಊರುವುದಂತೆ.

ಕುದ್ರೋಳಿ_ಹಿರಿಯ
ಮಳೆಗಾಲದಲ್ಲಿ ಒಳಾಂಗಣ ಸಿಗದಿದ್ದರೆ ಜಿಮ್‌ನ ಕೆಲಸ ಮಾಡಿ. ಒದ್ದೆ ನೆಲದ ಮೇಲೆ ಹಿಮ್ಮಡಿ ಮೊದಲು ಊರುವ ಸಾಹಸ ದಯವಿಟ್ಟು ಬೇಡ.

ಸುರತ್ಕಲ್_ಎಕ್ಸ್‌ಪ್ರೆಸ್
ಕೊನೆಗೂ ಎಲ್ಲರೂ ಜಿಮ್‌ಗೇ ಬಂದಿರಿ.

ಶಿರ್ವದ_ಅಪ್ಪ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ ಹದಿಮೂರು ವರ್ಷ. ಇಂಥವೇ ವಿಡಿಯೊ ನೋಡಿ ಅಂಗಳದಲ್ಲಿ ದಿನವೂ ಜಿಗಿಯುತ್ತಾನೆ. ಈಗ ಮಂಡಿಚಿಪ್ಪಿನ ಕೆಳಗೆ ಎಲುಬು ಉಬ್ಬಿದಂತಿದೆ, ಮುಟ್ಟಿದರೆ ನೋವು ಎನ್ನುತ್ತಾನೆ. ಎಣ್ಣೆ ಹಚ್ಚಿ ತಿಕ್ಕಿದರೆ ಕಡಿಮೆಯಾಗಬಹುದೇ?

ಪರ್ಕಳ_ಫಿಸಿಯೋ
ತಿಕ್ಕಬೇಡಿ. ಬೇಗ ಎತ್ತರ ಬೆಳೆಯುವ ವಯಸ್ಸಿನಲ್ಲಿ, ಮಂಡಿಯ ಸ್ನಾಯುರಜ್ಜು ಮೊಣಕಾಲಿನ ಕೆಳಗಿನ ಎಲುಬಿಗೆ ಅಂಟುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಪದೇ ಪದೇ ಜಿಗಿದು ಎಳೆದರೆ ಅಲ್ಲಿ ನೋವು ಮತ್ತು ಉಬ್ಬು ಬರುತ್ತದೆ. ಇದಕ್ಕೆ ಓಸ್‌ಗುಡ್–ಶ್ಲಾಟರ್ ಎನ್ನುತ್ತಾರೆ. ಸಾಮಾನ್ಯವಾಗಿ ಬೆಳವಣಿಗೆ ಮುಗಿಯುವಾಗ ತಾನಾಗಿ ಕಡಿಮೆಯಾಗುತ್ತದೆ, ಆದರೆ ನಿಮ್ಮ ಮಗನದ್ದು ಅದೇ ಹೌದೋ ಅಲ್ಲವೋ ಎಂದು ಎಲುಬಿನ ಡಾಕ್ಟರ್ ನೋಡಿಯೇ ಹೇಳಬೇಕು. ಅಲ್ಲಿಯ ತನಕ ಜಿಗಿಯುವುದು ನಿಲ್ಲಲಿ. ಈಜಲು ಬಿಡಬಹುದು.

ದೊಡ್ಡವರಿಗೆ ಬರುವುದು ಬೇರೆ. ಚಿಪ್ಪಿನ ಕೆಳತುದಿಯ ಸ್ನಾಯುರಜ್ಜಿನಲ್ಲಿ ನೋವು, ಆಟಗಾರರ ಬಾಯಲ್ಲಿ ಜಂಪರ್ಸ್ ನೀ. ಉದ್ದಕಾಲ ಅವರೇ, ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಅಲ್ಲಿ ಚುಚ್ಚಿದರೆ ಜಿಗಿತದ ಪ್ರಮಾಣ ಕಡಿಮೆ ಮಾಡಿ. ಮೈ ಬಿಸಿಯಾದಾಗ ನೋವು ಮಾಯವಾಗುವುದನ್ನು ನಂಬಿ ಮೋಸಹೋಗಬೇಡಿ.

ಶಿರ್ವದ_ಅಪ್ಪ
ಉಪಕಾರವಾಯಿತು. ಈ ವಾರವೇ ತೋರಿಸುತ್ತೇನೆ.

ಉದ್ದಕಾಲ_ಉಡುಪಿ
ಅಳೆದೆ. ಗೇಟಿನ ಬದಿಯ ರಿಂಗ್ 3.02 ಮೀಟರ್, ಆಚೆಯದು 3.08. ಯಾವ ಅಂಗಣವೆಂದು ಇಲ್ಲಿ ಹೇಳುವುದಿಲ್ಲ. ಆಚೆ ಬದಿಯದ್ದು ಸಿಗದಿರುವ ಗುಟ್ಟೂ ಗೊತ್ತಾಯಿತು, ಓಡಿಬಂದು ನಾನು ಗಳಿಸುತ್ತಿದ್ದದ್ದು ಎರಡೇ ಸೆಂಟಿಮೀಟರ್ ಎಂಬುದೂ ಗೊತ್ತಾಯಿತು.

ವಿಡಿಯೊ ಕೂಡ ತೆಗೆಸಿದೆ. ಸ್ಮ್ಯಾಶರ್ ಅಣ್ಣ ಹೇಳಿದ್ದು ಅಕ್ಷರಶಃ ಕಾಣಿಸುತ್ತದೆ. ಬಲಗಾಲು ಊರುವಾಗ ಸೊಂಟ ತಗ್ಗುವ ಬದಲು ಮೇಲೆಯೇ ಇದೆ, ಎಡಗಾಲು ಬರುವಷ್ಟರಲ್ಲಿ ಎದೆ ಮಂಡಿಗಿಂತ ಮುಂದೆ ಹೋಗಿದೆ. ಬಲಗೈ ರಿಂಗಿನ ಕಡೆ ಚಾಚಿದೆ, ಎಡಗೈ ಪ್ಯಾಂಟಿನ ಜೇಬಿನ ಹತ್ತಿರ ಸುಮ್ಮನೆ ತೂಗುತ್ತಿದೆ.

ಕಾಪು_ಸ್ಮ್ಯಾಶರ್
ಆ ಎಡಗೈಯನ್ನು ಎಬ್ಬಿಸಿ. ಎರಡೂ ಕೈ ಬೀಸಿದರೆ ಎತ್ತರದಲ್ಲಿ ಹತ್ತನೇ ಒಂದು ಪಾಲಿನಷ್ಟು ವ್ಯತ್ಯಾಸ ಬರುತ್ತದೆ. ಓಟವನ್ನು ಅರ್ಧ ವೇಗಕ್ಕೆ ಇಳಿಸಿ, ಮೂರೇ ಹೆಜ್ಜೆಯಿಂದ, ಚೆಂಡಿಲ್ಲದೆ ಅಭ್ಯಾಸ ಮಾಡಿ. ನೆಲದಲ್ಲಿ ಸೀಮೆಸುಣ್ಣದಿಂದ ಪಾದದ ಜಾಗ ಬರೆದುಕೊಳ್ಳಿ. ಆ ಗುರುತಿಗೆ ಕಾಲು ತಾನಾಗಿ ಬೀಳತೊಡಗಿದ ಮೇಲೆ ಮಾತ್ರ ವೇಗ ಹೆಚ್ಚಿಸಿ.

ಕಂಕನಾಡಿ_07
ಹನ್ನೆರಡು ವಾರದಲ್ಲಿ ಮೂವತ್ತು ಸೆಂಟಿಮೀಟರ್ ಹೆಚ್ಚಿಸುತ್ತೇವೆ ಎಂದು ಆನ್‌ಲೈನ್‌ನಲ್ಲಿ ಮಾರುವ ಕೋರ್ಸುಗಳನ್ನು ಯಾರಾದರೂ ಪ್ರಯತ್ನಿಸಿದ್ದೀರಾ?

ಸುರತ್ಕಲ್_ಎಕ್ಸ್‌ಪ್ರೆಸ್
ಎಂದೂ ಕಾಲಿನ ವ್ಯಾಯಾಮ ಮಾಡದವನಿಗೆ ಮೊದಲ ಕೆಲವು ತಿಂಗಳಲ್ಲಿ ಯಾವ ಕೋರ್ಸ್ ಕೊಟ್ಟರೂ ಜಿಗಿತ ಏರುತ್ತದೆ. ಆ ಹಣಕ್ಕೆ ಬಂಗುಡೆ ತಿನ್ನಿ, ಪ್ರೋಟೀನ್ ಆದರೂ ಸಿಗುತ್ತದೆ.

ಪಾಯಿಂಟ್‌ಗಾರ್ಡ್_ಅಕ್ಕ
ಎಲ್ಲರೂ ಕಾಲಿನ ಬಗ್ಗೆಯೇ ಬರೆದಿರಿ, ಕೈಯಲ್ಲಿರುವ ಚೆಂಡಿನ ಬಗ್ಗೆ ಒಬ್ಬರೂ ಹೇಳಲಿಲ್ಲ. ರಿಂಗಿನ ಮೇಲೆ ಅಂಗೈ ಹೋಗುವವರೂ ಡಂಕ್ ಮಾಡಲಾರದೆ ಉಳಿಯುವುದು ಚೆಂಡು ಕೈಯಲ್ಲಿ ನಿಲ್ಲದಿರುವುದರಿಂದ. ಗಂಡಸರು ಆಡುವ ಏಳನೇ ಅಳತೆಯ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದೆತ್ತುವಷ್ಟು ದೊಡ್ಡ ಅಂಗೈ ಎಲ್ಲರಿಗೂ ಇರುವುದಿಲ್ಲ, ಅದರ ಮೇಲೆ ನಮ್ಮ ಕರಾವಳಿಯ ಸೆಕೆ. ಹತ್ತು ನಿಮಿಷದಲ್ಲಿ ಚೆಂಡೂ ಕೈಯೂ ಬೆವರಿನಿಂದ ಜಾರುತ್ತವೆ. ಒಂದು ಒಣ ಬೈರಾಸು ಕಂಬದ ಬುಡದಲ್ಲಿ ಇಟ್ಟುಕೊಳ್ಳಿ.

ಟೆನಿಸ್ ಚೆಂಡಿನಿಂದ ಆರಂಭಿಸಿ. ಅದನ್ನು ರಿಂಗಿನೊಳಗೆ ಹಾಕಲು ಬಂದ ಮೇಲೆ ವಾಲಿಬಾಲ್. ಅದರ ಸುತ್ತಳತೆ 65ರಿಂದ 67 ಸೆಂಟಿಮೀಟರ್, ತೂಕ ಮುನ್ನೂರು ಗ್ರಾಮಿಗೂ ಕಡಿಮೆ. ಆಮೇಲೆ ನಾವು ಹೆಂಗಸರು ಆಡುವ ಆರನೇ ಅಳತೆಯ ಬಾಸ್ಕೆಟ್‌ಬಾಲ್, ಕೊನೆಗೆ ಏಳನೆಯದು. ಏಳನೆಯದು ಅರ್ಧ ಕಿಲೋಗಿಂತ ಹೆಚ್ಚು ತೂಗುವುದರಿಂದ ಕೈ ಬೀಸುವ ರೀತಿಯೇ ಬದಲಾಗುತ್ತದೆ. ಓಡಿಬರುವಾಗ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಸೊಂಟದ ಪಕ್ಕದಿಂದ ಬೀಸಿ ಮೇಲೆತ್ತಿ, ಮುಖದ ಹತ್ತಿರ ಬಂದಾಗ ಒಂದು ಕೈ ಬಿಡಿ. ಡ್ರಿಬಲ್ (ಚೆಂಡು ಪುಟಿಸುತ್ತ ಸಾಗುವುದು) ಮುಗಿಸಿ ಚೆಂಡು ಹಿಡಿಯುವಾಗ ನೆಲದಲ್ಲಿರುವ ಎಡಗಾಲು ಹೆಜ್ಜೆಯ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಂದ ಬಲ-ಎಡ ಎಂದು ಎರಡು ಹೆಜ್ಜೆಗೆ ನಿಯಮದಲ್ಲಿ ಅವಕಾಶವಿದೆ. ಆದ್ದರಿಂದ ಸ್ಮ್ಯಾಶರ್ ಅವರು ಹೇಳಿದ ಹೆಜ್ಜೆ ಟ್ರಾವಲಿಂಗ್ (ಚೆಂಡು ಹಿಡಿದು ಮಿತಿಗಿಂತ ಹೆಚ್ಚು ಹೆಜ್ಜೆ ಹಾಕುವ ತಪ್ಪು) ಆಗುವುದಿಲ್ಲ.

ಕಂಕನಾಡಿ_07
ಅಕ್ಕ, ಗಿಡ್ಡವರಿಗೆ ಆಸೆಯೇ ಬೇಡವೇ? ನಾನು 170.

ಪಾಯಿಂಟ್‌ಗಾರ್ಡ್_ಅಕ್ಕ
ನಿಮ್ಮಷ್ಟೇ ಎತ್ತರದ ಸ್ಪಡ್ ವೆಬ್ 1986ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡಂಕ್ ಸ್ಪರ್ಧೆ ಗೆದ್ದರು, 175 ಸೆಂಟಿಮೀಟರಿನ ನೇಟ್ ರಾಬಿನ್ಸನ್ ಮೂರು ಬಾರಿ ಗೆದ್ದರು. ಅವರನ್ನು ತೋರಿಸಿ ನಿಮಗೂ ಆಗುತ್ತದೆ ಎಂದು ಹೇಳುವುದು ಸುಳ್ಳು ಭರವಸೆಯಾದೀತು. ಅಂಥವರು ಅಪರೂಪ ಎಂಬ ಕಾರಣಕ್ಕೇ ಅವರ ಹೆಸರು ಉಳಿದಿದೆ. ಮಹಿಳೆಯರ ಡಬ್ಲ್ಯುಎನ್‌ಬಿಎಯಲ್ಲಿ ಮೊದಲ ಡಂಕ್ ಆದದ್ದು 2002ರಲ್ಲಿ, ಮಾಡಿದ ಲೀಸಾ ಲೆಸ್ಲಿ ನಮ್ಮ ಉದ್ದಕಾಲ ಅವರಿಗಿಂತಲೂ ಎತ್ತರ. ನೀವು ಮೊದಲು ಬೋರ್ಡಿನ ಕೆಳಗಿನ ಅಂಚು ಮುಟ್ಟಿ, ಆಮೇಲೆ ರಿಂಗ್.

ಕುದ್ರೋಳಿ_ಹಿರಿಯ
ಇನ್ನೊಂದು ಮಾತು. ನಮ್ಮ ಬಯಲು ಅಂಗಣದ ರಿಂಗ್‌ಗಳಲ್ಲಿ ಹೆಚ್ಚಿನವು ಸ್ಪ್ರಿಂಗ್ ಇಲ್ಲದವು, ನೇರವಾಗಿ ಬೋಲ್ಟ್ ಹಾಕಿ ಬಿಗಿದವು. 1979ರಲ್ಲಿ ಡ್ಯಾರಿಲ್ ಡಾಕಿನ್ಸ್ ಕೆಲವೇ ವಾರಗಳ ಅಂತರದಲ್ಲಿ ಎರಡು ಗಾಜಿನ ಬೋರ್ಡ್‌ಗಳನ್ನು ಪುಡಿಮಾಡಿದ ಮೇಲೆ ಎನ್‌ಬಿಎಯವರು ಬಾಗಿ ಮರಳುವ ರಿಂಗ್ ತಂದರು. ಇಲ್ಲಿ ಅದನ್ನು ನಿರೀಕ್ಷಿಸಬೇಡಿ. ಉಪ್ಪುಗಾಳಿಗೆ ಬೋಲ್ಟ್ ತುಕ್ಕು ಹಿಡಿದಿರುತ್ತದೆ, ನೇತಾಡುವ ಮೊದಲು ಕೆಳಗಿನಿಂದ ಒಮ್ಮೆ ಕತ್ತೆತ್ತಿ ನೋಡಿ. ಪಂದ್ಯದಲ್ಲಿಯಾದರೆ ಸುಮ್ಮನೆ ನೇತಾಡಿದ್ದಕ್ಕೆ ಟೆಕ್ನಿಕಲ್ ಫೌಲ್ ಬೀಳುತ್ತದೆ, ಕೆಳಗೆ ಯಾರಾದರೂ ಇದ್ದು ಪೆಟ್ಟಾಗುವ ಸಂಭವವಿದ್ದರೆ ಮಾತ್ರ ವಿನಾಯಿತಿ.

ಉದ್ದಕಾಲ_ಉಡುಪಿ
ಕೆಲವು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಚೆಂಡಿಲ್ಲದೆ ಜಿಗಿದರೆ ಈಗ ಗೇಟಿನ ಬದಿಯ ರಿಂಗನ್ನು ಬೆರಳುಗಳ ಬುಡದ ತನಕ ಹಿಡಿಯಬಲ್ಲೆ, ಆಚೆ ಬದಿಯದ್ದೂ ಸಿಗುತ್ತದೆ. ಜಿಮ್‌ನಲ್ಲಿ ಭಾರವೇನೂ ಹೇಳಿಕೊಳ್ಳುವಷ್ಟು ಏರಿಲ್ಲ, ಎಕ್ಸ್‌ಪ್ರೆಸ್ ಅವರು ಬೇಸರಿಸಬಾರದು. ಟೆನಿಸ್ ಚೆಂಡು ಹೋಗುತ್ತದೆ, ವಾಲಿಬಾಲ್ ಆಗೊಮ್ಮೆ ಈಗೊಮ್ಮೆ ಹೋಗುತ್ತದೆ. ಬಾಸ್ಕೆಟ್‌ಬಾಲ್ ಹಿಡಿದರೆ ಮಾತ್ರ ಹೆಜ್ಜೆ ಪುನಃ ಮೊಟಕಾಗುತ್ತದೆ, ಕಣ್ಣೆಲ್ಲ ಚೆಂಡಿನ ಮೇಲೆಯೇ ಇರುತ್ತದೆ.

ಸುರತ್ಕಲ್_ಎಕ್ಸ್‌ಪ್ರೆಸ್
ಬೇಸರವಿಲ್ಲ. ಮುಂದಿನ ಹತ್ತು ಸೆಂಟಿಮೀಟರಿಗೆ ನನ್ನ ಹತ್ತಿರವೇ ಬರಬೇಕಾಗುತ್ತದೆ.

ಪಾಯಿಂಟ್‌ಗಾರ್ಡ್_ಅಕ್ಕ
ಚೆಂಡು ಹಿಡಿದು ಓಡುವುದನ್ನು ಸದ್ಯಕ್ಕೆ ಬಿಡಿ. ಇನ್ನೊಬ್ಬರನ್ನು ರಿಂಗಿನ ಹತ್ತಿರ ನಿಲ್ಲಿಸಿ, ಅವರು ಆರನೇ ಅಳತೆಯ ಚೆಂಡನ್ನು ನೆಲಕ್ಕೆ ಜೋರಾಗಿ ಬಡಿದು ರಿಂಗಿನೆತ್ತರಕ್ಕೆ ಪುಟಿಸಲಿ. ನೀವು ಖಾಲಿ ಕೈಯಲ್ಲಿ ನಿಮ್ಮ ಮಾಮೂಲಿ ಹೆಜ್ಜೆ ಹಾಕಿ ಏರಿ, ಚೆಂಡನ್ನು ಗಾಳಿಯಲ್ಲಿಯೇ ಹಿಡಿದು ಒಳಗೆ ತಳ್ಳಿ. ಕೈ ಬೀಸಲು ಅಡ್ಡಿಯಿಲ್ಲದ ಕಾರಣ ಮೊದಲ ಡಂಕ್ ಹಲವರಿಗೆ ಹೀಗೆಯೇ ಆಗುವುದು.

ಉದ್ದಕಾಲ_ಉಡುಪಿ
ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಪ್ರಯತ್ನಿಸುತ್ತೇನೆ. ಪುಟಿಸಿಕೊಡಲು ಜನ ಬೇಕು.

ಕಂಕನಾಡಿ_07
ನಾನು ರೈಲಿನಲ್ಲಿ ಬರುತ್ತೇನೆ. ಆರನೇ ಅಳತೆಯ ಚೆಂಡು ತಂಗಿಯದ್ದಿದೆ, ಗಾಳಿ ಮಾತ್ರ ತುಂಬಿಸಬೇಕು.